ಮೇಣ ಮೀಮಾಂಸೆ

ಜೇನುಮೇಣವನ್ನೂ ಡಮ್ಮರ್ ಎಂಬ ಮರದ ರಾಳವನ್ನೂ ಕರಗಿಸಿ ಬೆರೆಸಿ, ಬಣ್ಣದ ಪುಡಿ ಕಲಸಿ, ಬಿಸಿಯಿರುವಾಗಲೇ ಹಲಗೆಗೆ ಬಳಿಯುವ ಕಲೆಗೆ ಎನ್‌ಕಾಸ್ಟಿಕ್ ಎಂದು ಹೆಸರು. ವಿಷಯ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಒಂದೇ ವಾಕ್ಯದಲ್ಲಿ ಮುಗಿಸುವವನನ್ನು ಲೋಕ ವಿದ್ವಾಂಸನೆಂದು ಒಪ್ಪುವುದಿಲ್ಲವಾದ್ದರಿಂದ ಪ್ರಬಂಧ ಮುಂದುವರಿಯುತ್ತದೆ.

ಮೊದಲು ಪರಂಪರೆ. ಈಜಿಪ್ಟಿನ ಫಾಯುಮ್‌ನಲ್ಲಿ ಕ್ರಿ.ಶ. ಮೊದಲ ಮೂರು ಶತಮಾನಗಳಲ್ಲಿ ಮಮ್ಮಿಗಳ ಮುಖಕ್ಕೆಂದು ಮೇಣದಲ್ಲಿ ಬರೆದ ಭಾವಚಿತ್ರಗಳು ಇಂದಿಗೂ ನಮ್ಮನ್ನು ಕಣ್ಣರಳಿಸಿ ನೋಡುತ್ತಿವೆ. ಬರೆದವರು ವಿಧಾನದ ಬಗ್ಗೆ ತುಟಿ ಬಿಚ್ಚಿಲ್ಲ. ತುಟಿ ಬಿಚ್ಚಿದವನು ರೋಮಿನ ಪ್ಲಿನಿ. ಅವನೋ ನೌಕಾಪಡೆಯ ಅಧಿಕಾರಿ. ಮುಂದೆ ಪ್ಯಾರಿಸ್ಸಿನಲ್ಲಿ ಕೌಂಟ್ ಕೇಲುಸ್ ಪ್ಲಿನಿಯ ಮಾತನ್ನು ಬಿಡಿಸಿ ರಹಸ್ಯ ಸಿಕ್ಕಿತೆಂದ. 1755ರಲ್ಲಿ ತತ್ತ್ವಜ್ಞಾನಿ ದಿದೆರೊ ತನ್ನ ಹೆಸರು ಹಾಕದೆ ಒಂದು ಪುಸ್ತಿಕೆ ಅಚ್ಚು ಹಾಕಿಸಿ, ಆ ಕೀರ್ತಿ ಬಾಶೆಲಿಯೆ ಎಂಬ ಚಿತ್ರಕಾರನಿಗೆ ಸೇರಬೇಕೆಂದ. ಇದರಿಂದ ಸಿದ್ಧವಾಗುವ ಪ್ರಮೇಯ: ಜೇನುಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಪಂಡಿತರು ಕುದಿಯಲು ಅಷ್ಟು ಶಾಖ ಬೇಕಿಲ್ಲ.

ಇನ್ನು ಮತಭೇದ. ತೂಕದಲ್ಲಿ ಎಂಟು ಪಾಲು ಮೇಣಕ್ಕೆ ಒಂದು ಪಾಲು ಡಮ್ಮರ್ ಎನ್ನುವವರು ಅಷ್ಟಪಾಲಿಗಳು. ನಾಲ್ಕಕ್ಕೊಂದು ಎನ್ನುವವರು ಚತುಷ್ಪಾಲಿಗಳು. ಡಮ್ಮರ್ ಹೆಚ್ಚಿದಷ್ಟೂ ಪದರ ಗಡುಸಾಗಿ ಹೊಳೆಯುತ್ತದೆ, ಅತಿಯಾದರೆ ಪೆಡಸಾಗಿ ಬಿರಿಯುತ್ತದೆ. ಐದಕ್ಕೊಂದು, ಆರಕ್ಕೊಂದು ಹಾಕುವ ಮಧ್ಯಮಮಾರ್ಗಿಗಳೂ ಉಂಟು. ಅವರು ವಾದಕ್ಕೆ ಬಾರದೆ ಚಿತ್ರ ಬರೆಯುತ್ತ ಕೂರುವುದರಿಂದ ಶಾಸ್ತ್ರಕ್ಕೆ ಉಪಯೋಗವಿಲ್ಲ.

ಪೂರ್ವಪಕ್ಷ: ಡಮ್ಮರನ್ನು ಟರ್ಪೆಂಟೈನಿನಲ್ಲಿ ಕರಗಿಸಿ ಬಿಸಿ ಮೇಣಕ್ಕೆ ಸುರಿದರಾಗದೇ? ಆಗದು. ಆ ಆವಿ ಹೊತ್ತಿಕೊಂಡರೆ ವಾದಿ, ಪ್ರತಿವಾದಿ, ಸಭೆ ಮೂರೂ ಉಳಿಯುವುದಿಲ್ಲ. ಅಂಗಡಿಯ ಮೇಣದಬತ್ತಿ? ಅದು ಸಾಮಾನ್ಯವಾಗಿ ಪ್ಯಾರಾಫಿನ್, ಪೆಟ್ರೋಲಿಯಂ ಕುಲದ್ದು. ಜೇನುನೊಣ ಅದರ ನೆಂಟಸ್ತಿಕೆ ಒಪ್ಪುವುದಿಲ್ಲ. ನಮ್ಮ ಪಶ್ಚಿಮಘಟ್ಟದ ಸಾಲುಧೂಪದ ಅಂಟಿಗೂ ವೈಟ್ ಡಮ್ಮರ್ ಎಂದೇ ಹೆಸರಲ್ಲವೇ ಎಂದು ದೇಶಾಭಿಮಾನಿಗಳು ಏಳುತ್ತಾರೆ. ಹೆಸರು ಹೌದು, ಮರ ಬೇರೆ. ಒಂದು ಚೂರು ಪ್ರಯೋಗಿಸಿ ನೋಡಲಿ, ಉಳಿದದ್ದನ್ನು ಕೆಂಡದ ಮೇಲೆ ಹಾಕಿ ದೇವರಿಗೆ ಹಿಡಿಯಲಿ.

ವಿಧಿಯಲ್ಲಿ ಗ್ಯಾಸ್ ಒಲೆ ನಿಷಿದ್ಧ, ಕರೆಂಟ್ ಒಲೆ ಗ್ರಾಹ್ಯ. ಮೇಣ ಮೊದಲು, ಕುಟ್ಟಿದ ಡಮ್ಮರ್ ಆಮೇಲೆ. ಅದು 100 ಡಿಗ್ರಿ ದಾಟದೆ ಮಣಿಯದು. ಅರ್ಧ ಕರಗಿದಾಗ ಏರುಪಾಕದ ಬೆಲ್ಲದಂತೆ ತಳ ಹಿಡಿಯುತ್ತದೆ, ಕಲಕುತ್ತಲೇ ಇರಬೇಕು. ಶಾಖದ ವಿಷಯದಲ್ಲಿ ಥರ್ಮಾಮೀಟರೇ ಪ್ರಮಾಣ, ಕಣ್ಣಂದಾಜು ಪ್ರಮಾಣಾಭಾಸ. ಹೊಗೆ ಎದ್ದರೆ ಯಜ್ಞ ಫಲಿಸಿತೆಂದು ತಿಳಿಯಬಾರದು. ಮೇಣ ಸೀಯುತ್ತಿದೆ, ಅದರಿಂದೇಳುವ ಅಕ್ರೋಲಿನ್ ಎಂಬ ಆವಿ ಕಣ್ಣು ಗಂಟಲು ಉರಿಸುತ್ತದೆ. ಕಿಟಕಿ ತೆರೆದಿರಲಿ. ಹೊತ್ತಿಕೊಂಡರೆ ಒಲೆ ಆರಿಸಿ ಮುಚ್ಚಳ ಮುಚ್ಚಬೇಕು, ನೀರು ಸುರಿಯಲೇಬಾರದು. ಕರಗಿದ್ದನ್ನು ತೆಳು ಬಟ್ಟೆಯಲ್ಲಿ ಸೋಸಿದರೆ ತೊಗಟೆ, ಹುಳುವಿನ ರೆಕ್ಕೆ ಮೇಲುಳಿಯುತ್ತವೆ. ಕೆಳಗಿಳಿದದ್ದನ್ನು ಅಚ್ಚಿಗೆ ಹೊಯ್ದು ಆರಿಸುವುದು.

ಉಳಿದದ್ದು ಪಾತ್ರಾಪಾತ್ರ ವಿವೇಕ. ಮನೆಯ ಹಾಲಿನ ಪಾತ್ರೆಯನ್ನು ‘ಇದೊಂದ್ಸಲ’ ಎಂದು ಒಯ್ಯುವ ಸಂಪ್ರದಾಯ ಕಲಾವಿದರಲ್ಲಿ ಬಲವಾಗಿದೆ. “ರೀ, ಪಾಯಸ ಯಾಕೆ ಹೀಗೆ ಹೊಳೀತಿದೆ?” ಎಂಬ ಪ್ರಶ್ನೆಗೆ ಪ್ಲಿನಿಯಲ್ಲಿ ಉತ್ತರವಿಲ್ಲ. ಮೇಣಕ್ಕೆ ಕೊಟ್ಟ ಪಾತ್ರೆ ಮೇಣಕ್ಕೇ, ಮತ್ತೆ ಅಡುಗೆಗೆ ಬರತಕ್ಕದ್ದಲ್ಲ. ಈ ತೀರ್ಪಿಗೆ ಮೇಲ್ಮನವಿ ಇಲ್ಲ.