ಪೊಸಿಷನ್ ಆನ್ ಹೋಲ್ಡ್

ಬೆಂಗಳೂರಿನಲ್ಲಿ ಇವನ ಕರೆ ಬರದ ಐಟಿ ಮಂದಿಯೇ ಇಲ್ಲ. ನೀವು ಅಕ್ಷತೆ ಹಿಡಿದು ಗಟ್ಟಿಮೇಳಕ್ಕೆ ಕಾದಿರಬಹುದು, ಹೆಬ್ಬಾಳದ ಮೇಲ್ಸೇತುವೆಯ ನಡುವೆ ಸಿಕ್ಕಿಬಿದ್ದಿರಬಹುದು, ಫೋನು ಹೊಡೆದುಕೊಳ್ಳುತ್ತದೆ. "ಸರ್, ಜಾಬ್ ಚೇಂಜ್ ನೋಡ್ತಿದೀರಾ?" ಇವನೇ ರೆಕ್ರೂಟರ್. ದನಿಯಲ್ಲಿ ಸಕ್ಕರೆ ಪಾಕ. ಆ ಪಾಕ ಕಾಯಿಸುವ ಬೆಂಕಿ ಹಿಂದುಗಡೆ ಗಾಜಿನ ಕೋಣೆಯಲ್ಲಿ ಎಸಿ ಹಾಕಿಕೊಂಡು ಕೂತಿರುತ್ತದೆ. ಅದಕ್ಕೆ ಲೀಡರ್‌ಶಿಪ್ ಎಂದು ಹೆಸರು.

ಸೋಮವಾರ ಲೀಡರ್‌ಶಿಪ್ಪಿಗೆ ಜಾವಾ ಬಲ್ಲವರು ಬೇಕು. ಇವನು ನೌಕ್ರಿ ಪೋರ್ಟಲ್ ಜಾಲಾಡಿ ರೆಸ್ಯೂಮೆ ಆರಿಸುವಷ್ಟರಲ್ಲಿ ಬುಧವಾರ ಬಂದು ಪೈಥಾನ್ ಬೇಕಾಗಿರುತ್ತದೆ. ಶುಕ್ರವಾರ ಸಾಹೇಬರು ಯಾವುದೋ ಸಮ್ಮೇಳನದಿಂದ ಹಿಂತಿರುಗಿ, "ಚಾಟ್‌ಜಿಪಿಟಿಯಲ್ಲಿ ಎಂಟು ವರ್ಷ ಪಳಗಿದೋರನ್ನ ತನ್ನಿ" ಎನ್ನುತ್ತಾರೆ. ಅದು ಹೊರಬಂದದ್ದೇ 2022ರ ನವೆಂಬರಿನಲ್ಲಿ ಎಂದು ಇವನಿಗೆ ಗೊತ್ತು. ಹಾಗಂದರೆ ಅಪ್ರೈಸಲ್‌ನಲ್ಲಿ "ನೆಗೆಟಿವ್ ಆಟಿಟ್ಯೂಡ್" ಎಂದು ಬರೆಯುತ್ತಾರೆ ಎಂಬುದೂ ಗೊತ್ತು. ಜೆಡಿ, ಅಂದರೆ ಕೆಲಸದ ವಿವರ, ಹಾಗೇ ಪೋರ್ಟಲ್‌ಗೆ ಏರಿಸುತ್ತಾನೆ. ಎಂಟು ವರ್ಷ ಅನುಭವವಿದೆ ಎನ್ನುವ ಅರ್ಜಿಗಳೂ ತಪ್ಪದೆ ಬರುತ್ತವೆ.

ಇನ್ನು ಫೋನಿನ ಕಥೆ ಕೇಳಿ.

"ಆಫೀಸ್ ಎಲ್ರೀ?"

"ವೈಟ್‌ಫೀಲ್ಡ್ ಸರ್."

"ನಾನಿರೋದು ರಾಜರಾಜೇಶ್ವರಿ ನಗರ."

"ಒಳ್ಳೇದೇ ಆಯ್ತು ಸರ್! ಎರಡೂ ಮೆಟ್ರೊ ನೇರಳೆ ಮಾರ್ಗದಲ್ಲೇ ಇವೆ. ಕೂತ್ರೆ ಆಯ್ತು, ರೈಲು ಬದಲಾಯಿಸೋ ತಾಪತ್ರಯ ಇಲ್ಲ."

"ಕೂರಕ್ಕೆ ಸೀಟು ಎಲ್ಲಿ ಸಿಗತ್ರೀ?"

"ವಾರಕ್ಕೆ ಎರಡೇ ದಿನ ಸರ್. ಹೈಬ್ರಿಡ್."

ಇತ್ತ ಫೋನ್ ಇಡುತ್ತಾನೆ, ಅತ್ತ ಸಾಹೇಬರ ಮೇಲ್ ಬೀಳುತ್ತದೆ: ನಾಳೆಯಿಂದ ಎಲ್ಲರೂ ಐದೂ ದಿನ ಆಫೀಸಿಗೆ ಬರತಕ್ಕದ್ದು.

ಇಂಟರ್‌ವ್ಯೂ ಐದು ಸುತ್ತು. ಕೊನೆಯದು ಸಾಹೇಬರದು. ಮೂರು ಗಂಟೆಗೆ ಎಂದವರು ನಾಲ್ಕಕ್ಕೆ ಕಾರಿನಿಂದ ಸೇರಿಕೊಳ್ಳುತ್ತಾರೆ. ಪರದೆ ಮೇಲೆ ಅವರದೊಂದು ಕಿವಿ, ಅರ್ಧ ಸೀಟ್ ಬೆಲ್ಟು. "ಐದು ವರ್ಷ ಆದ್ಮೇಲೆ ನೀವು ಎಲ್ಲಿರ್ತೀರಿ?" ಎಂದು ಕೇಳುತ್ತಲೇ ಅಂಡರ್‌ಪಾಸಿನಲ್ಲಿ ಮಾಯವಾಗುತ್ತಾರೆ. ಪಾಪದ ಹುಡುಗ ಕಪ್ಪು ಪರದೆಗೆ ಉತ್ತರ ಹೇಳುತ್ತಾನೆ. ಮರುದಿನ ಫೀಡ್‌ಬ್ಯಾಕ್: "ಕ್ಯಾಂಡಿಡೇಟ್‌ಗೆ ಕ್ಲಾರಿಟಿ ಇಲ್ಲ."

ಹೇಗೋ ಒಬ್ಬ ದಡ ಸೇರಿದ ಎನ್ನಿ. ಹಳೇ ಕಂಪನಿಯಲ್ಲಿ ಅವನಿಗೆ 90 ದಿನದ ನೋಟಿಸ್ ಪೀರಿಯಡ್. ಆ ಮೂರು ತಿಂಗಳಲ್ಲಿ ಇದೇ ಆಫರ್ ಲೆಟರ್ ತೋರಿಸಿ ಇನ್ನೊಂದು ಕಡೆ ಹೆಚ್ಚು ಸಂಬಳ ಗಿಟ್ಟಿಸದಿದ್ದರೆ ಅವನು ಐಟಿಯವನೇ ಅಲ್ಲ. ಅದಕ್ಕೇ ನಮ್ಮ ರೆಕ್ರೂಟರ್ ವಾರಕ್ಕೊಮ್ಮೆ ಫೋನ್ ಮಾಡಿ ಅವನ ತಾಯಿಯ ಮಂಡಿನೋವು, ಮಗಳ ಎಲ್‌ಕೆಜಿ ಸೀಟು ಎಲ್ಲ ವಿಚಾರಿಸಿಕೊಳ್ಳುತ್ತಾನೆ. ಸ್ವಂತ ಮಾವನ ಆಪರೇಷನ್ ಮರೆತರೂ ಆ ಮಂಡಿ ಮರೆಯುವುದಿಲ್ಲ. ಕೆಲಸಕ್ಕೆ ಸೇರುವ ಹಿಂದಿನ ಸಂಜೆ ಲೀಡರ್‌ಶಿಪ್ ಹೇಳುತ್ತದೆ: ಪೊಸಿಷನ್ ಆನ್ ಹೋಲ್ಡ್. ಅದನ್ನು ತಿಳಿಸಿ ಬೈಸಿಕೊಳ್ಳುವ ಕೆಲಸ ಯಾರದು? ಸಾಹೇಬರಂತೂ ಆ ಹೊತ್ತಿಗೆ ವಿಮಾನದಲ್ಲಿರುತ್ತಾರೆ.

ತಿಂಗಳ ಮೀಟಿಂಗಿನಲ್ಲಿ ಸಾಹೇಬರು ಗುಡುಗುತ್ತಾರೆ: "ಜನ ಯಾಕ್ರೀ ನಿಲ್ತಿಲ್ಲ? ನಿಮ್ಮ ಹೈರಿಂಗೇ ಸರಿಯಿಲ್ಲ!" ಇವನು ತಲೆಯಾಡಿಸಿ ಡೈರಿಯಲ್ಲಿ ಬರೆದುಕೊಳ್ಳುತ್ತಾನೆ. ಯಾರು ಯಾವಾಗ ರೆಸ್ಯೂಮೆ ತಿದ್ದಿದರು ಎಂಬುದು ಪೋರ್ಟಲ್‌ನಲ್ಲಿ ಇವನಿಗೆ ಕಾಣುತ್ತದೆ. ಬುದ್ಧಿವಂತರು ತಮ್ಮ ಕಂಪನಿಯ ಕಣ್ಣಿಗೆ ಬೀಳದಂತೆ ಅದನ್ನು ಬ್ಲಾಕ್ ಮಾಡಿರುತ್ತಾರೆ. ಆ ಸೌಲಭ್ಯ ಇದೆಯೆಂದೇ ಗೊತ್ತಿಲ್ಲದ ಒಬ್ಬರ ರೆಸ್ಯೂಮೆ ಮೊನ್ನೆ ರಾತ್ರಿ ಇವನ ಪರದೆ ಮೇಲೆ ತೆರೆದುಕೊಂಡಿತು. ತಿದ್ದಿದ್ದು ಅದರ ಹಿಂದಿನ ದಿನ. ನೋಟಿಸ್ ಪೀರಿಯಡ್: ತಕ್ಷಣ ಸೇರಬಲ್ಲೆ. ವಿಶೇಷ ಪರಿಣತಿ: ಜನರನ್ನು ಉಳಿಸಿಕೊಳ್ಳುವುದು. ಫೋಟೋದಲ್ಲಿ ಸಾಹೇಬರು, ಈ ಸಲ ಎರಡೂ ಕಿವಿ ಸಮೇತ.

ಇವನು ಅಭ್ಯಾಸಬಲದಿಂದ ಪೂರ್ತಿ ಓದಿದ. ಎರಡು ವರ್ಷಕ್ಕೊಂದು ಕಂಪನಿ. ಕಷಾಯದಂಥ ಚಹಾ ಹೀರಿ, ಷರಾದಲ್ಲಿ ನ್ಯಾಯವಾಗಿಯೇ ಬರೆದ: "ನಿಲ್ಲುವ ಪೈಕಿ ಅಲ್ಲ. ರಿಜೆಕ್ಟ್."