ಅರಳಿಕಟ್ಟೆಯ ಬ್ಯಾಟರಿ ಪಂಡಿತರಿಗೊಂದು ಬಹಿರಂಗ ಪತ್ರ

ಮಹನೀಯರೇ,

ಮೊದಲಿಗೆ ನಿಮ್ಮ ದಿವ್ಯಜ್ಞಾನಕ್ಕೆ ಸಾಷ್ಟಾಂಗ ನಮಸ್ಕಾರ. ಊರಲ್ಲಿ ಯಾರದೇ ಹಳೇ ಟ್ರ್ಯಾಕ್ಟರು ಬೆಳಿಗ್ಗೆ ಸೆಲ್ಫ್ ಹೊಡೆದಾಗ 'ಟಕ್' ಎಂದು ಸುಮ್ಮನಾಗಲಿ, ಕಟ್ಟೆಯಿಂದ ಇಳಿಯದೆ, ಬಾಯಲ್ಲಿನ ಎಲೆಅಡಿಕೆಯನ್ನೂ ಉಗಿಯದೆ, "ಬ್ಯಾಟ್ರಿ ಹೋಗೈತೆ, ಹೊಸದು ಹಾಕ್ಸು" ಎಂದು ತೀರ್ಪು ಕೊಡುತ್ತೀರಿ. ಸಾಲ ಮಾಡಿ ಹೊಸದು ತರುತ್ತಾರೆ. ಸ್ವಲ್ಪ ದಿನ ಗಾಡಿ ಜೋರು. ಆಮೇಲೆ ಮತ್ತದೇ 'ಟಕ್'. ಆಗ ನೀವು "ಈಗಿನ ಬ್ಯಾಟ್ರಿಗಳೇ ಸರಿ ಇಲ್ಲ ಬಿಡು" ಎನ್ನುತ್ತೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯ ನಮ್ಮ ಕಡೆ ಇನ್ನೂ ಉಳಿದಿದ್ದರೆ ಅದು ನಿಮ್ಮಿಂದಲೇ.

ಅದರಲ್ಲೂ ನಿಮ್ಮ ಆ ಪ್ರಸಿದ್ಧ ಪರೀಕ್ಷೆ! ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಿತ್ತು, "ನೋಡು, ಎಂಜಿನ್ ನಿಲ್ಲಲಿಲ್ಲ, ಡೈನಮೋ ಗಟ್ಟಿಯಾಗೈತೆ" ಎನ್ನುವುದು. ಸ್ವಾಮಿ, ಹಳೇ ಡೀಸೆಲ್ ಎಂಜಿನ್ ಒಮ್ಮೆ ಹೊತ್ತಿಕೊಂಡ ಮೇಲೆ ಅದಕ್ಕೆ ಕರೆಂಟೇ ಬೇಡ. ಪಂಪು ಗೇರಿನಿಂದ ತಿರುಗುತ್ತದೆ, ಡೀಸೆಲ್ ಒತ್ತಡದ ಬಿಸಿಗೇ ಉರಿಯುತ್ತದೆ, ನಿಲ್ಲಿಸುವುದಕ್ಕೂ ಒಂದು ತಂತಿ ಎಳೆದರೆ ಆಯಿತು. ಡೈನಮೋದ ವೈರನ್ನೆಲ್ಲ ಕಿತ್ತೆಸೆದಿದ್ದರೂ ಅದು ಓಡುತ್ತಲೇ ಇರುತ್ತಿತ್ತು. ಗಾಡಿಗೆ ಆಲ್ಟರ್ನೇಟರ್ ಕೂರಿಸಿದ್ದರಂತೂ ನಿಮ್ಮ ಪರೀಕ್ಷೆಗೆ ಇನ್ನೂ ಮಹಿಮೆ ಹೆಚ್ಚು. ಬ್ಯಾಟರಿ ಕಿತ್ತ ಕ್ಷಣ ವೋಲ್ಟೇಜು ದಿಢೀರನೆ ಏರಿ ಒಳಗಿನ ಡಯೋಡುಗಳು ಸುಟ್ಟುಹೋಗಬಹುದು. ಚೆನ್ನಾಗಿದ್ದುದನ್ನು ಕೆಡಿಸಿ, ಕೆಟ್ಟಿದೆ ಎಂದು ತೋರಿಸುವ ಪರೀಕ್ಷೆ ಬೇರೆಲ್ಲುಂಟು?

ಕೆಲವು ಅಲ್ಪಜ್ಞರು ಅಳತೆ ಮಾಡಿ ನೋಡುತ್ತಾರಂತೆ. ರಾತ್ರಿಯಿಡೀ ನಿಂತ ಬ್ಯಾಟರಿ ತುಂಬಿದ್ದರೆ ಸುಮಾರು 12.6 ವೋಲ್ಟ್. ಎಂಜಿನ್ ಚಾಲೂ ಮಾಡಿ ಎಕ್ಸಲೇಟರ್ ತುಸು ಏರಿಸಿದಾಗ ಅದೇ ಟರ್ಮಿನಲ್ಲುಗಳಲ್ಲಿ 13.8ರಿಂದ 14.4 ಬರಬೇಕು. ಓಡುವಾಗಲೂ 12ರ ಆಸುಪಾಸಿನಲ್ಲೇ ಕುಳಿತಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯ ನೀರು ಕುದಿಯುತ್ತಿದೆ. ಇಷ್ಟು ನೋಡಿದ ಮೇಲೆ ಅವರು ಬೆಲ್ಟು ಸಡಿಲವೇ, ಟರ್ಮಿನಲ್ಲಿಗೆ ಹಿಟ್ಟು ಹಿಡಿದಿದೆಯೇ, ಅರ್ಥ್ ಪಟ್ಟಿ ತುಕ್ಕು ತಿಂದಿದೆಯೇ, ಕಾರ್ಬನ್ ಬ್ರಷ್ ಸವೆದಿದೆಯೇ ಎಂದು ಹುಡುಕುತ್ತಾರೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಮೈನಸ್ ಕಂಬಕ್ಕೂ ಎಂಜಿನ್ ಬಾಡಿಗೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಕಳ್ಳ ಆ ಅರ್ಥ್ ಪಟ್ಟಿಯಲ್ಲೇ ಇದ್ದಾನೆ. ಹಳೇ ಲೂಕಾಸ್ ಮಾದರಿಯ ಡೈನಮೋ ಇದ್ದರೆ ಅದರ 'ಡಿ', 'ಎಫ್' ವೈರುಗಳನ್ನು ಬಿಚ್ಚಿ, ಡೈನಮೋದ ಆ ಎರಡು ಟರ್ಮಿನಲ್ಲುಗಳನ್ನು ತುಂಡು ತಂತಿಯಿಂದ ಸೇರಿಸಿ, ಎಂಜಿನ್ನನ್ನು ನಿಧಾನಕ್ಕೆ ಏರಿಸುತ್ತಾ ಬಾಡಿಗೂ ಅದಕ್ಕೂ ಮೀಟರ್ ಹಿಡಿಯುತ್ತಾರೆ. ಮುಳ್ಳು ಸರಸರನೆ ಏರಿದರೆ ಡೈನಮೋ ನಿರ್ದೋಷಿ. ದೋಷ ಕಟೌಟ್ ಡಬ್ಬಿಯಲ್ಲೋ ವೈರಿನಲ್ಲೋ ಇದೆ. ನಿಮಗೆ ಇದೆಲ್ಲ ಯಾಕೆ, ಪಾಪ. ಕಟ್ಟೆಯಿಂದ ಇಳಿಯಬೇಕಾಗುತ್ತದೆ.

ಕಬ್ಬಿನ ಗಾಡಿಗಳಿಗೆ ನೀವು ಮಾಡಿಸಿದ ಅಲಂಕಾರವನ್ನೂ ಮರೆಯಲಾರೆ. 22 ಆಂಪಿಯರಿನ ಡೈನಮೋ ಪೂರ್ತಿ ದುಡಿದರೂ ಕೊಡುವುದು 264 ವ್ಯಾಟ್. ಎರಡು ಹೆಡ್‌ಲೈಟಿಗೇ 110 ಹೋಯಿತು. ಮೇಲೆ ಸೀರಿಯಲ್ ಸೆಟ್ಟು, ಆಂಪ್ಲಿಫೈಯರು, ಆಳೆತ್ತರದ ಸ್ಪೀಕರು. ಕಾರ್ಖಾನೆ ಮುಂದಿನ ಸಾಲಿನಲ್ಲಿ ಎಂಜಿನ್ ಸಣ್ಣಗೆ ಗುರುಗುಟ್ಟುತ್ತಿರುವಾಗ ಡೈನಮೋದ ವೋಲ್ಟೇಜು ಸಾಲದೆ ಕಟೌಟ್ ಬಿಟ್ಟುಕೊಳ್ಳುತ್ತದೆ, ಅಲ್ಲಿಂದ ಹಾಡೆಲ್ಲ ಬ್ಯಾಟರಿಯ ಲೆಕ್ಕಕ್ಕೆ. ಬೆಳಿಗ್ಗೆ ತಳ್ಳುವವರು ಯಾರೆಂದು ಹಾಡು ಕೇಳಿದವರನ್ನೇ ವಿಚಾರಿಸಬೇಕು. ಅದಕ್ಕೂ ನಿಮ್ಮಲ್ಲಿ ಮದ್ದುಂಟು: "ಇಳಿಜಾರಲ್ಲಿ ನಿಲ್ಸು." ಸದ್ಯ, ಹೊಲಗಳನ್ನೂ ಇಳಿಜಾರು ಮಾಡಿಸಿ ಎನ್ನಲಿಲ್ಲ.

ಹೀಗೆ ಪದೇ ಪದೇ ಖಾಲಿಯಾದ ಬ್ಯಾಟರಿಯ ಪ್ಲೇಟುಗಳಿಗೆ ಸಲ್ಫೇಟ್ ಗಟ್ಟಿಯಾಗಿ ಹಿಡಿದು, ಕೊನೆಗೆ ಅದು ನಿಜವಾಗಿಯೂ ಹೋಗುತ್ತದೆ. ನಿಮ್ಮ ಭವಿಷ್ಯ ಯಾವತ್ತೂ ಸುಳ್ಳಾಗುವುದಿಲ್ಲ, ಕೆಡಿಸಿಯಾದರೂ ನಿಜ ಮಾಡಿಬಿಡುತ್ತೀರಿ.

ಒಂದೇ ಒಂದು ಬಿನ್ನಹ. ಎಲೆಅಡಿಕೆಯ ದುಡ್ಡಿನಲ್ಲಿ ಸ್ವಲ್ಪ ಉಳಿಸಿ, ಕಟ್ಟೆಗೊಂದು ಮಲ್ಟಿಮೀಟರ್ ತನ್ನಿ. ಮುಂದಿನ ಸಲ ಯಾರಾದರೂ 'ಟಕ್' ಎನ್ನುವ ಗಾಡಿಯ ಕಷ್ಟ ಹೇಳಿಕೊಂಡು ಬಂದರೆ ಮೊದಲು ಅದನ್ನು ಅವರ ಕೈಗೆ ಕೊಡಿ. ತೀರ್ಪು ಆಮೇಲೆ ಕೊಡುವಿರಂತೆ.

ಇತಿ,
ನಿಮ್ಮೂರಿನ ಒಬ್ಬ ಹಳೇ ಟ್ರ್ಯಾಕ್ಟರಿನ ಮಾಲೀಕ