ಹಲಸೂರಿನ ಅನಿಮೇಷನ್ ಕಿರುಚಿತ್ರಕಾರನ ಉತ್ಸಾಹಾಶ್ರಯ ವಿಚಾರವು

ಯಾರೂ ಕೇಳದೆ, ಯಾರೂ ಹಣ ಕೊಡದೆ, ಕೇವಲ ಸ್ವಂತ ಇಚ್ಛೆಯಿಂದ ಆರಂಭಿಸಲ್ಪಟ್ಟ ಅನಿಮೇಷನ್ ಕಿರುಚಿತ್ರವು ಯಾವ ಕಾರಣದಿಂದ ನಡುದಾರಿಯಲ್ಲಿ ನಿಂತುಹೋಗುತ್ತದೆ, ಹಾಗೆ ನಿಂತುದು ಯಾವ ಕಾರಣದಿಂದ ಎಂದಾದರೊಮ್ಮೆ ಪುನಃ ಹೊರಡುತ್ತದೆ ಎಂಬ ವಿಷಯವಾಗಿ ನಮ್ಮ ಪೂರ್ವಾಚಾರ್ಯರು ಮೌನ ವಹಿಸಿರುವುದು ಅಜ್ಞಾನದಿಂದಲ್ಲ, ಅವರ ಕಾಲದಲ್ಲಿ ಹಲಸೂರಿನಲ್ಲಿ ಅನಿಮೇಷನ್ ಕಲಾವಿದರು ಇನ್ನೂ ಬಾಡಿಗೆಗೆ ಬಂದಿರಲಿಲ್ಲವಾದುದರಿಂದ ಎಂದು ತಿಳಿಯತಕ್ಕದ್ದು. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶವು. ಶಿವಾಜಿನಗರ ಮೊದಲ್ಗೊಂಡು ಹಲಸೂರು, ಇಂದಿರಾನಗರಗಳ ಮಾರ್ಗವಾಗಿ ಕೆ.ಆರ್. ಪುರದ ತೂಗುಸೇತುವೆಯವರೆಗೆ ಹಬ್ಬಿರುವ ದಂಡುಪ್ರದೇಶ ಮತ್ತು ಅದರ ಪೂರ್ವದ ಸೀಮೆ ನಮ್ಮ ವಿಚಾರದ ಕ್ಷೇತ್ರ. ಈಜಿಪುರದ ಮೇಲುಸೇತುವೆಯು ಈ ಕ್ಷೇತ್ರಕ್ಕೆ ಸಮೀಪವೇ ಆದರೂ, 2017ರಲ್ಲಿ ಆರಂಭವಾಗಿ ಬಹುಕಾಲ ಬರಿಯ ಕಂಬಗಳಾಗಿಯೇ ನಿಂತ ಆ ಮಹತ್ಕಾರ್ಯಕ್ಕೆ ಪ್ರತ್ಯೇಕ ಗ್ರಂಥವೇ ಬೇಕಾದುದರಿಂದ ಇಲ್ಲಿ ಕೈಹಾಕಿಲ್ಲ.

ವಿಷಯವಿದು. ಸೋಮೇಶ್ವರ ದೇವಸ್ಥಾನದ ಹಿಂದಣ ಬೀದಿಯೊಂದರ ಮಹಡಿಯಲ್ಲಿ ತಾಯಿಯೊಡನೆ ವಾಸಿಸುವ, ಹಗಲೆಲ್ಲ ವೈಟ್‌ಫೀಲ್ಡ್ ಕಡೆಯ ಕಂಪೆನಿಯೊಂದರಲ್ಲಿ ಪರದೇಶದ ಸಿನಿಮಾಗಳ ಕರಡಿಗಳಿಗೆ ರೋಮ ಹಚ್ಚಿ ಸಂಬಳ ತರುವ ಯುವಕನೊಬ್ಬನು, ಇವನನ್ನು ಶಾಸ್ತ್ರಮರ್ಯಾದೆಯಂತೆ ಇನ್ನು ಮುಂದೆ ಕರ್ತೃವೆಂದು ಕರೆಯುತ್ತೇವೆ, ಒಂದು ಯುಗಾದಿಯ ದಿನ ಸ್ವಂತ ಚಿತ್ರವನ್ನು ಮಾಡುವುದಾಗಿ ಸಂಕಲ್ಪಿಸಿದನು. ಕಥೆ ಸರಳವಾದುದು: ಕೆ.ಆರ್. ಪುರದಲ್ಲಿ ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತ ಅಜ್ಜಿಯೊಬ್ಬಳು ಹಳೆಯ ಮದ್ರಾಸು ರಸ್ತೆಯನ್ನು ದಾಟುತ್ತಾಳೆ. ಆ ರಸ್ತೆಯನ್ನು ಬಲ್ಲವರು, ಇದು ಕಿರುಚಿತ್ರದಲ್ಲಿ ಅಡಗುವ ವಸ್ತುವಲ್ಲ, ಮಹಾಕಾವ್ಯಕ್ಕೆ ತಕ್ಕುದು ಎಂದು ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವೇ ಆದರೂ ಕರ್ತೃವು ಐದು ನಿಮಿಷವೆಂದು ನಿಶ್ಚಯಿಸಿದನು.

ಐದು ನಿಮಿಷವೆಂಬ ಮಾತನ್ನು ಹಗುರವಾಗಿ ಆಡಕೂಡದು. ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮುಗಳು. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮುಗಳ ಕಾಲ ನಿಲ್ಲಿಸಿ ಕೆಲಸವನ್ನು ಅರ್ಧಕ್ಕಿಳಿಸುವ ಪದ್ಧತಿಯನ್ನು ಹಿಡಿದರೂ ಸೆಕೆಂಡಿಗೆ 12 ಚಿತ್ರಗಳಾದುವು. ಐದು ನಿಮಿಷಕ್ಕೆ 3,600. ಕೆಲಸದಿಂದ ಮರಳಿ, ಉಂಡು, ಕುಳಿತು, ರಾತ್ರಿಗೆ ಹನ್ನೆರಡು ಚಿತ್ರಗಳಂತೆ ಬರೆದರೆ ಒಂದು ರಾತ್ರಿಯ ಫಲ ಒಂದು ಸೆಕೆಂಡು. ಒಂದು ರಾತ್ರಿಯೂ ತಪ್ಪದಿದ್ದರೆ 300 ರಾತ್ರಿಗಳು. ಇದು ಅಜ್ಜಿಯೊಬ್ಬಳ ಲೆಕ್ಕ. ಅವಳ ಹಿಂದೆ ಓಡುವ ಬಸ್ಸುಗಳೂ, ‘ಹೊಸಕೋಟೆ, ಹೊಸಕೋಟೆ’ ಎಂದು ಕೂಗುವ ವ್ಯಾನಿನವನ ಬಾಯಿಯೂ ಇದರಲ್ಲಿ ಸೇರಿಲ್ಲ. ಸೊಪ್ಪಿನ ಎಲೆಗಳ ಪ್ರಸ್ತಾಪವನ್ನಂತೂ ಎತ್ತಲೇಬಾರದು. ಕೊತ್ತಂಬರಿಯ ಬದಲು ನುಗ್ಗೆಕಾಯಿಯನ್ನು ಹೊರಿಸಿದ್ದರೆ ಎರಡು ತಿಂಗಳು ಉಳಿಯುತ್ತಿತ್ತೆಂದು ಕರ್ತೃವೇ ಒಪ್ಪಿಕೊಂಡಿದ್ದಾನೆ.

ಇಲ್ಲಿ ಸಂಶಯ. ನಾಟ್ಯಶಾಸ್ತ್ರದಲ್ಲಿ ಭರತಮುನಿಯು ಎಂಟು ಸ್ಥಾಯಿಭಾವಗಳನ್ನೂ ಮೂವತ್ತಮೂರು ಸಂಚಾರಿಭಾವಗಳನ್ನೂ ಎಣಿಸಿ, ಉತ್ಸಾಹವನ್ನು ವೀರರಸದ ಸ್ಥಾಯಿಯೆಂದು, ಎಂದರೆ ಕಾರ್ಯದ ಕೊನೆಯವರೆಗೂ ಕದಲದೆ ನಿಲ್ಲುವುದೆಂದು ವಿಧಿಸಿದ್ದಾನೆ. ಯುದ್ಧವೀರರ ವಿಷಯದಲ್ಲಿ ಇದು ಸಲ್ಲಬಹುದು. ಕುರುಕ್ಷೇತ್ರದ ಯುದ್ಧವೇ ಹದಿನೆಂಟು ದಿನಗಳಲ್ಲಿ ಮುಗಿಯಿತು. ಅಷ್ಟು ದಿನಗಳಲ್ಲಿ ನಮ್ಮ ಕರ್ತೃವಿಗೆ ಸಾಧ್ಯವಾಗುವುದು ಹದಿನೆಂಟು ಸೆಕೆಂಡು. ನಾವು ಸಾವಧಾನವಾಗಿ ಪರಿಶೀಲಿಸಿದ ಮಟ್ಟಿಗೆ ಉತ್ಸಾಹವು ಇವನಲ್ಲಿ ಯುಗಾದಿಯಂದು ಬಂದು, ಯುಗಾದಿಯ ಒಬ್ಬಟ್ಟಿನೊಡನೆಯೇ ಹೊರಟುಹೋಗಿ, ಗಣೇಶ ಚತುರ್ಥಿಗೊಮ್ಮೆ ಮುಖ ತೋರಿಸುವ ಶುದ್ಧ ಸಂಚಾರಿಯೇ ಆಗಿದ್ದು, ಮುನಿಯು ಸಂಚಾರಿಗಳೆಂದು ಬಗೆದ ನಿದ್ರೆ, ಆಲಸ್ಯ, ಶಂಕೆ, ಅಸೂಯೆ ಮುಂತಾದುವು ಬಂದಲ್ಲಿಯೇ ನೆಲಸಿ ಸ್ಥಾಯಿಯ ಪದವಿಯನ್ನು ಪಡೆದಿರುತ್ತವೆ.

ಈ ಭಾವಗಳು ಸ್ಥಳಭೇದದಿಂದ ರೂಪ ಬದಲಿಸುವುವೆಂಬುದೂ ಗಮನಾರ್ಹ. ಶಿವಾಜಿನಗರದಲ್ಲಿ ಪ್ರಬಲವಾದುದು ಚಪಲತೆ. ಸೊಪ್ಪಿನ ಕಟ್ಟನ್ನು ಕೈ ಹೇಗೆ ಹಿಡಿಯುತ್ತದೆಂದು ನೋಡಿಬರುವೆನೆಂದು ಸ್ಕೆಚ್ ಪುಸ್ತಕ ಹಿಡಿದು ರಸೆಲ್ ಮಾರ್ಕೆಟ್ಟಿಗೆ ಹೋದ ಕರ್ತೃವು ಕಬಾಬಿನ ಹೊಗೆಯನ್ನು ಅನುಸರಿಸಿ ಬೀದಿಯಿಂದ ಬೀದಿಗೆ ನಡೆದು, ಪುಟವನ್ನು ಬಿಳಿಯಾಗಿಯೇ ಮನೆಗೆ ತಂದನು; ಇದಕ್ಕೆ ಅವನ ಪರಿಭಾಷೆಯಲ್ಲಿ ‘ರೆಫರೆನ್ಸ್’ ಎಂದು ಹೆಸರು. ಇಂದಿರಾನಗರದಲ್ಲಿ ಗರ್ವವೂ ಅವಹಿತ್ಥವೂ ಜೊತೆಯಾಗಿ ಸಂಚರಿಸುತ್ತವೆ. ಅವಹಿತ್ಥವೆಂದರೆ ಮನಸ್ಸಿನಲ್ಲಿರುವುದನ್ನು ಮುಖದಲ್ಲಿ ಮರೆಮಾಚುವುದು. ನೂರಡಿ ರಸ್ತೆಯ ಕಾಫಿಖಾನೆಯಲ್ಲಿ ಹಳೆಯ ಸಹಪಾಠಿಯು ‘ನಿನ್ನ ಫಿಲ್ಮ್ ಎಲ್ಲಿಗ್ ಬಂತು ಮಗಾ?’ ಎಂದು ಕೇಳಿದಾಗ, ಅಜ್ಜಿಯ ಎಡಗಾಲು ಇನ್ನೂ ನೆಲಕ್ಕೆ ಊರಿಲ್ಲವೆಂಬ ಸತ್ಯವನ್ನು ನುಂಗಿ ‘ಸೌಂಡ್ ಡಿಸೈನ್ ನಡೀತಿದೆ’ ಎನ್ನುವುದು ಇದರ ಶ್ರೇಷ್ಠ ಉದಾಹರಣೆ. ವಾಹನಸಂದಣಿಗೆ ಹೆಸರಾದ ಟಿನ್ ಫ್ಯಾಕ್ಟರಿಯ ಬಳಿ ಶ್ರಮ, ತ್ರಾಸ, ಅಮರ್ಷಗಳು ಎಲ್ಲ ಮನುಷ್ಯರಿಗೂ ಸಮಾನವಾದುದರಿಂದ ಕಲಾವಿದನ ವಿಷಯದಲ್ಲಿ ಹೆಚ್ಚಾಗಿ ಹೇಳತಕ್ಕದ್ದಿಲ್ಲ.

ಇನ್ನು ಪೂರ್ವಪಕ್ಷ. ಮಹಾಪುರುಷರ ನಿದರ್ಶನಗಳಿಂದ ಉತ್ಸಾಹವು ಹುಟ್ಟುವುದೆಂದು ಕೆಲವರು ಹೇಳುತ್ತಾರೆ. ಪರೀಕ್ಷಿಸೋಣ. ರಷ್ಯದ ಯೂರಿ ನೋರ್‌ಸ್ಟೈನ್ ಎಂಬಾತನು ಗೊಗೊಲ್‌ನ ‘ದಿ ಓವರ್‌ಕೋಟ್’ ಕಥೆಯನ್ನು 1981ರಲ್ಲಿ ಚಿತ್ರಕ್ಕಿಳಿಸಲು ತೊಡಗಿ ದಶಕಗಳನ್ನು ಕಳೆದರೂ ಮುಗಿಸಲಿಲ್ಲ. ರಿಚರ್ಡ್ ವಿಲಿಯಮ್ಸ್‌ನು 1964ರಲ್ಲಿ ಆರಂಭಿಸಿದ ‘ದಿ ಥೀಫ್ ಅಂಡ್ ದಿ ಕಾಬ್ಲರ್’ ಚಿತ್ರವನ್ನು 1992ರಲ್ಲಿ ಅವನ ಕೈಯಿಂದ ಕಿತ್ತುಕೊಂಡು ಇತರರು ಮುಗಿಸಿದರು. ಈ ವೃತ್ತಾಂತಗಳನ್ನು ಕೇಳಿ ಕರ್ತೃವು ಎಚ್ಚತ್ತು ಕೆಲಸಕ್ಕೆ ಕೂರುವನೆಂದು ನಾವು ನಿರೀಕ್ಷಿಸಿದ್ದೆವು. ಅವನಾದರೋ ‘ಹಾಗಾದ್ರೆ ನಂಗಿನ್ನೂ ಬೇಕಾದಷ್ಟು ಟೈಮಿದೆ’ ಎಂದು ಮುಸುಕೆಳೆದನು. ಮುಗಿಸಿದವರ ನಿದರ್ಶನವು ಇದಕ್ಕಿಂತಲೂ ಅಪಾಯಕರ. ಲಾಟ್ವಿಯದ ಗಿಂಟ್ಸ್ ಜಿಲ್ಬಲೋಡಿಸ್ ಎಂಬ ತರುಣನು ‘ಅವೇ’ ಎಂಬ ಪೂರ್ಣಪ್ರಮಾಣದ ಚಿತ್ರವನ್ನು ಒಬ್ಬನೇ ಮಾಡಿ 2019ರಲ್ಲಿ ಮುಗಿಸಿದನು. ಅನಂತರ, ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದಾದ ಬ್ಲೆಂಡರ್ ತಂತ್ರಾಂಶದಲ್ಲಿ ಮಾಡಿದ ‘ಫ್ಲೋ’ ಚಿತ್ರಕ್ಕೆ 2025ರಲ್ಲಿ ಆಸ್ಕರ್ ಪಡೆದನು. ಅದೇ ಬ್ಲೆಂಡರ್ ಕರ್ತೃವಿನ ಕಂಪ್ಯೂಟರಿನಲ್ಲಿಯೂ ಇರುವುದರಿಂದ ಆ ವಾರವೆಲ್ಲ ಅಸೂಯೆಯೂ ನಿರ್ವೇದವೂ ತುಂಬಿ ಒಂದು ಗೆರೆಯೂ ಹೊರಡಲಿಲ್ಲ. ಗೀತಾಂಜಲಿ ರಾವ್ ಅವರು ಏಕಾಂಗಿಯಾಗಿ ಚಿತ್ರಿಸಿದ ‘ಪ್ರಿಂಟೆಡ್ ರೇನ್‌ಬೋ’ 2006ರಲ್ಲಿ ಕಾನ್ ಚಿತ್ರೋತ್ಸವದ ವಿಮರ್ಶಕರ ವಿಭಾಗದಲ್ಲಿ ಪ್ರಶಸ್ತಿಗಳನ್ನು ಪಡೆಯಿತೆಂದರೆ, ಅದು ಮುಂಬಯಿಯ ಮಾತೆಂದು ಜಾರಿಕೊಳ್ಳಬಹುದು. ಆದರೆ ನಮ್ಮ ಗೋವಿನ ಹಾಡಿನ ಕಥೆಯನ್ನು ಸಂಸ್ಕೃತದಲ್ಲಿ ಅನಿಮೇಷನ್ ಮಾಡುವೆನೆಂದು ಹೊರಟು, ಜನರಿಂದ ಹಣ ಕೂಡಿಸಿ, ಇಳಯರಾಜರ ಸಂಗೀತವನ್ನೂ ಹೊಂದಿಸಿ, 2020ರಲ್ಲಿ ‘ಪುಣ್ಯಕೋಟಿ’ಯನ್ನು ನೆಟ್‌ಫ್ಲಿಕ್ಸಿಗೆ ತಲುಪಿಸಿದ ರವಿಶಂಕರ್ ಅವರು ಬೆಂಗಳೂರಿನವರೇ ಆಗಿರುವುದರಿಂದ ದೂರದ ನೆಪವೂ ಉಳಿಯದೆ, ಕರ್ತೃವು ಆ ಚಿತ್ರದ ಹೆಸರನ್ನು ತನ್ನೆದುರು ಎತ್ತಬಾರದೆಂದು ನಮ್ಮನ್ನು ಬೇಡಿಕೊಂಡಿದ್ದಾನೆ.

ಬಿಡುವಿದ್ದರೆ ಉತ್ಸಾಹವು ತಾನಾಗಿಯೇ ಬರುವುದೆಂಬುದು ಎರಡನೆಯ ಪೂರ್ವಪಕ್ಷ. ಇದರ ಖಂಡನೆಗೆ ನಾವು ನಗುತ್ತ ತೊಡಗಲಾರೆವು. 2025ರ ಫೆಬ್ರವರಿಯಲ್ಲಿ ಅನಿಮೇಷನ್ ಕೆಲಸದ ಟೆಕ್ನಿಕಲರ್ ಸಂಸ್ಥೆಯು ಬಾಗಿಲು ಹಾಕಿದಾಗ ಬೆಂಗಳೂರು, ಮುಂಬಯಿಗಳ ಸಾವಿರಾರು ಕಲಾವಿದರಿಗೆ ಹಠಾತ್ತನೆ ಬಿಡುವು ಲಭಿಸಿತು. ಆ ಬಿಡುವಿನಲ್ಲಿ ಅವರು ಬರೆದದ್ದು ಕೆಲಸಕ್ಕೆ ಅರ್ಜಿಗಳನ್ನು. ಮನೆ ಬಾಡಿಗೆಯ ಚಿಂತೆಯಿರುವ ಕಡೆ ಅಜ್ಜಿಯು ರಸ್ತೆ ದಾಟುವುದಿಲ್ಲ. ಹೊಸ ಪೆನ್ ಟ್ಯಾಬ್ಲೆಟ್ ಕೊಂಡರೆ ಉತ್ಸಾಹವು ಬರುವುದೆಂಬ ಮೂರನೆಯ ಪಕ್ಷವು ಅಂಗಡಿಯವರದು, ವಿಚಾರಾರ್ಹವಲ್ಲ.

ಹಾಗಾದರೆ ಉತ್ಸಾಹಕ್ಕೆ ಆಶ್ರಯ ಯಾವುದು? ರಸವು ಎಲ್ಲಿ ನೆಲಸಿದೆಯೆಂಬ ಹಳೆಯ ವಿವಾದವು ಇಲ್ಲಿ ನಮಗೆ ದಾರಿ ತೋರುತ್ತದೆ. ಮೂಲವನ್ನು ಅರಿಯಬಯಸುವವರು ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ನೋಡುವುದು. ಭಟ್ಟಲೋಲ್ಲಟನ ಮತದಲ್ಲಿ ರಸವು ಮುಖ್ಯವಾಗಿ ಕಥೆಯ ಪಾತ್ರದಲ್ಲಿದೆ. ಅದರಂತೆ ಉತ್ಸಾಹವು ಅಜ್ಜಿಯಲ್ಲಿರಬೇಕು. ಅವಳಾದರೋ ಕರ್ತೃವು ಎತ್ತಿಸದೆ ಕಾಲೆತ್ತುವವಳಲ್ಲ. ಶ್ರೀಶಂಕುಕನು ರಸವನ್ನು ನಟನಲ್ಲಿ ಅನುಮಾನಿಸಿಕೊಳ್ಳಬೇಕೆಂದು, ಚಿತ್ರದಲ್ಲಿ ಬರೆದ ಕುದುರೆಯನ್ನು ಕಂಡು ಕುದುರೆಯೆನ್ನುವಂತೆ ಎಂದು ದೃಷ್ಟಾಂತವನ್ನು ಕೊಟ್ಟನು. ದೃಷ್ಟಾಂತವೇನೋ ಮನೋಹರವಾದುದೇ, ಆದರೆ ಆ ಕುದುರೆಯನ್ನು ಓಡಿಸಬೇಕಾದರೆ ಎಷ್ಟು ಕುದುರೆಗಳನ್ನು ಬರೆಯಬೇಕಾಗುವುದೆಂಬುದನ್ನು ಆ ವಿದ್ವಾಂಸನು ಯೋಚಿಸಿದಂತೆ ಕಾಣುವುದಿಲ್ಲ. ಭಟ್ಟನಾಯಕನೂ ಅಭಿನವಗುಪ್ತನೂ ರಸದ ನೆಲೆ ನೋಡುವವನಾದ ಸಹೃದಯನಲ್ಲಿ ಎಂದರು. ನಮ್ಮ ಸಿದ್ಧಾಂತವೂ ಇದೇ: ಉತ್ಸಾಹಕ್ಕೆ ಆಶ್ರಯವು ಬರೆಯುವವನಲ್ಲ, ನೋಡಲು ಕಾದಿರುವವನು.

ಪ್ರಮಾಣವೇನೆಂದರೆ, ಕರ್ತೃವಿನ ಮಾತೃಶ್ರೀ. ರಾತ್ರಿ ಹತ್ತೂವರೆಯ ಹೊತ್ತಿಗೆ, ಒಗೆದ ಬಟ್ಟೆ ಮಡಿಸಿ ಇಡಲೆಂದು ಕೋಣೆಗೆ ಬಂದ ಆ ಸಾಧ್ವಿಯು ಮಾನಿಟರಿನ ಮುಂದೆ ನಿಂತಳು. ಪರದೆಯ ಮೇಲೆ ಅಜ್ಜಿಯು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಲಗೈಯಿಂದ ಬುಟ್ಟಿಯ ಅಂಚನ್ನು ಹಿಡಿದು, ಎಡಗಾಲನ್ನು ಫುಟ್‌ಪಾತಿನಿಂದ ಗೇಣುದ್ದ ಮೇಲಕ್ಕೆತ್ತಿದ್ದಳು. ಹಿಂದಿನ ಭಂಗಿಯು ನಸುಗೆಂಪಾಗಿ, ಮುಂದಿನದು ನಸುಹಸಿರಾಗಿ ಅವಳ ಎರಡು ಮಗ್ಗುಲಲ್ಲಿ ತೋರುತ್ತಿದ್ದುವು. ಕರ್ತೃವು ಫೋನಿನಲ್ಲಿ ಬೇರೆಯವರ ಚಿತ್ರಗಳನ್ನು ನೋಡುತ್ತ ಮಲಗಿದ್ದನು.

‘ಏನೋ ಇದು, ಈ ಅಜ್ಜಿ ದೀಪಾವಳಿಯಿಂದ ಕಾಲು ಎತ್ಕೊಂಡೇ ನಿಂತಿದ್ದಾಳಲ್ಲೋ! ವಯಸ್ಸಾದೋರು, ಮಂಡಿ ನೋವು ಬರಲ್ವೇನೋ?’

‘ನಾಳೆ ಇಳಿಸ್ತೀನಮ್ಮ.’

‘ನಾಳೆ ಅಂತೆ ನಾಳೆ. ಆ ಸೊಪ್ಪು ಬಾಡಿ ಹೋಗಿರತ್ತೆ. ಯಾರು ತಗೋತಾರೆ ಅದನ್ನ? ಪಾಪ, ಆಚೆ ಕಡೆಗಾದ್ರೂ ದಾಟಿಸಿಬಿಡೋ.’

ಇಷ್ಟೇ ಮಾತು. ಪುರಸ್ಕಾರದ ಆಸೆಯಾಗಲಿ, ಮಹಾಪುರುಷರ ಚರಿತ್ರೆಯಾಗಲಿ ಮಾಡದಿದ್ದ ಕೆಲಸವನ್ನು ಮಂಡಿನೋವಿನ ಪ್ರಸ್ತಾಪವು ಮಾಡಿತು. ಕರ್ತೃವು ಎದ್ದು ಕುಳಿತು, ಎರಡು ಗಂಟೆಯವರೆಗೆ ಬರೆದು, ಅಜ್ಜಿಯ ಕಾಲನ್ನು ನೆಲಕ್ಕಿಳಿಸಿಯೇ ಮಲಗಿದನು. ಬೆಳಗ್ಗೆ ಮಾತೃಶ್ರೀಯು ಹಾಲಿನ ಪಾತ್ರೆಯನ್ನು ಕೈಯಲ್ಲಿ ಹಿಡಿದೇ ಬಂದು ನೋಡಿದಳೆಂಬುದನ್ನು ಇಲ್ಲಿ ದಾಖಲಿಸತಕ್ಕದ್ದು.

ಲೋಕದಲ್ಲಿಯೂ ಇದಕ್ಕೆ ಸಾಕ್ಷ್ಯವುಂಟು. ದಾದಾಸಾಹೇಬ್ ಫಾಲ್ಕೆಯವರು ‘ರಾಜಾ ಹರಿಶ್ಚಂದ್ರ’ಕ್ಕೆ (1913) ಮುಂಚೆ, ಕುಂಡದಲ್ಲಿ ಬಟಾಣಿಯೊಂದನ್ನು ನೆಟ್ಟು, ಅದು ಮೊಳೆತು ಗಿಡವಾಗುವುದನ್ನು ದಿನದಿನವೂ ಫ್ರೇಮು ಫ್ರೇಮಾಗಿ ತೆಗೆದು, ಆ ತುಣುಕನ್ನು ಪರಿಚಿತರಿಗೆ ತೋರಿಸಿದುದರಿಂದಲೇ ಅವರಿಗೆ ಸಾಲ ದೊರೆಯಿತು. ಪೂರ್ತಿ ಚಿತ್ರವು ಮುಗಿಯಲೆಂದು ಅವರು ಕಾಯಲಿಲ್ಲ. ಬಟಾಣಿಯು ತಾನಾಗಿಯೇ ಬೆಳೆಯುವುದು, ಅಜ್ಜಿಯು ತಾನಾಗಿಯೇ ನಡೆಯಳು ಎಂಬ ಭೇದವನ್ನು ಒಪ್ಪುತ್ತೇವೆ.

ಎರಡನೆಯ ಸಾಕ್ಷ್ಯವು ನಮ್ಮ ಕ್ಷೇತ್ರದೊಳಗಿನದೇ. ಮೆಟ್ರೊ ರೈಲು ಇತ್ತ ಬೈಯಪ್ಪನಹಳ್ಳಿಯವರೆಗೆ 2011ರಿಂದಲೂ ಬರುತ್ತಿತ್ತು, ಅತ್ತ ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ 2023ರ ಮಾರ್ಚಿನಲ್ಲಿ ಓಡತೊಡಗಿತು. ನಡುವೆ ಬೆನ್ನಿಗಾನಹಳ್ಳಿಯ ರೈಲುಹಳಿಗಳ ಬಳಿಯ ಸುಮಾರು ಎರಡು ಕಿಲೋಮೀಟರು ಮಾತ್ರ ಉಳಿದು, ಜನರು ಒಂದು ತುದಿಯಲ್ಲಿ ಇಳಿದು, ಫೀಡರ್ ಬಸ್ಸಿಗೆ ಓಡಿ, ಟಿನ್ ಫ್ಯಾಕ್ಟರಿಯ ಸಂದಣಿಯನ್ನು ನುಸುಳಿ, ಇನ್ನೊಂದು ತುದಿಯಲ್ಲಿ ಹತ್ತುತ್ತಿದ್ದರು. ಅದೇ ವರ್ಷದ ಅಕ್ಟೋಬರ್ 9ರಂದು ಆ ನಡುಭಾಗವು ತೆರೆಯಿತು. ಇಂಜಿನಿಯರುಗಳು ಇದಕ್ಕೆ ಉಕ್ಕಿನ ತೊಲೆಗಳ ಕಾರಣವನ್ನು ಹೇಳಬಹುದು. ಎರಡು ತುದಿಗಳಲ್ಲಿ ನಿಂತು ಶಪಿಸುತ್ತಿದ್ದ ಜನರಿಲ್ಲದಿದ್ದರೆ ತೊಲೆಗಳು ಇನ್ನೂ ನಿಧಾನವಾಗಿ ಮೇಲೇರುತ್ತಿದ್ದುವೆಂಬುದು ನಮ್ಮ ಊಹೆ. ತುದಿಗಳೆರಡೂ ಮೊದಲು, ನಡು ಆಮೇಲೆ ಎಂಬ ಈ ಕ್ರಮವನ್ನು ಅನುಸರಿಸಿ ಕರ್ತೃವಿಗೆ ಕೊನೆಯ ದೃಶ್ಯವನ್ನು ಮೊದಲೇ ಬರೆದುಬಿಡುವಂತೆ ವಿಧಿಸಿದೆವು. ಈಗ ಅಜ್ಜಿಯು ಆಚೆಯ ಬದಿಯಲ್ಲಿ ಬುಟ್ಟಿಯಿಳಿಸಿ ಕುಳಿತಿರುವುದನ್ನು ಕಂಡ ಮಾತೃಶ್ರೀಯು, ‘ಅಲ್ಲಿಗೆ ಹೇಗೆ ಹೋದಳು?’ ಎಂದು ದಿನವೂ ಕೇಳುತ್ತಾಳೆ. ಚಿತ್ರವನ್ನು ಐದು ನಿಮಿಷದಿಂದ ಎರಡಕ್ಕೆ ಇಳಿಸಲಾಯಿತು. ಕರ್ತೃವು ದುಃಖಿಸಿದನು; ಅಜ್ಜಿಗೆ ನಷ್ಟವೇನೂ ಆಗಲಿಲ್ಲ.

ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ಶಾಸ್ತ್ರವು ಅಪೂರ್ಣವಾದೀತು. ಹೊಗಳಿಕೆಯು ಉತ್ಸಾಹವರ್ಧಕವೆಂಬ ಲೋಕರೂಢಿಯು ನಿರಾಧಾರವು. ಎದುರುಮನೆಯ ಆಂಟಿಯು ಹದಿನೈದು ಸೆಕೆಂಡನ್ನು ನೋಡಿ ‘ಸೂಪರಾಗಿದೆ ಕಣಪ್ಪಾ, ಡಿಸ್ನಿ ಥರಾನೇ ಇದೆ’ ಎಂದ ವಾರದಲ್ಲಿ ಕರ್ತೃವು ತೃಪ್ತನಾಗಿ ಪೆನ್ನನ್ನೇ ಮುಟ್ಟಲಿಲ್ಲ. ಅದೇ ಹದಿನೈದು ಸೆಕೆಂಡನ್ನು ನೋಡಿದ ಆಕೆಯ ಮೊಮ್ಮಗಳು ‘ಆಮೇಲೆ?’ ಎಂದಳು; ಅಷ್ಟಕ್ಕೇ ಮೂರು ರಾತ್ರಿಗಳ ಕೆಲಸ ನಡೆಯಿತು. ಈ ಪ್ರಬಂಧವು ಅಚ್ಚಿಗೆ ಹೋಗುವ ವೇಳೆಗೆ ಅಜ್ಜಿಯು ನಡುರಸ್ತೆಯ ಕಟ್ಟೆಯನ್ನು ಮುಟ್ಟಿ, ಎಡಕ್ಕೆ ನೋಡುತ್ತಿದ್ದಾಳೆ.

ಆದುದರಿಂದ ವಾಚಕಮಹಾಶಯರಲ್ಲಿ ನಮ್ಮ ಪ್ರಾರ್ಥನೆ: ತಮ್ಮ ಬೀದಿಯಲ್ಲಿ ಇಂತಹ ಕರ್ತೃವೊಬ್ಬನಿದ್ದರೆ ಶನಿವಾರ ಸಂಜೆ ಹೋಗಿ, ವಾರದಲ್ಲಿ ಬರೆದ ಮೂರು ಸೆಕೆಂಡನ್ನು ತೋರಿಸೆಂದು ಕೇಳಿ, ಚೆನ್ನಾಗಿದೆಯೆನ್ನದೆ ‘ಆಮೇಲೆ?’ ಎಂದು ಎದ್ದು ಬನ್ನಿ. ಕಾಫಿಗೆ ಕೂರಬೇಡಿ, ಕೂತರೆ ಆ ರಾತ್ರಿಯ ಹನ್ನೆರಡು ಚಿತ್ರಗಳು ಹೋದುವು.